ಇನ್ನೂ ಆರಿಸದ ಟೈಲ್ಸಿಗೆ ಎಷ್ಟು ಅಂತ ಬರೆಯೋದು?

16 ಜೂನ್ 2024, ಭಾನುವಾರ
ಕುವೆಂಪುನಗರ, ಮೈಸೂರು

ಅಮ್ಮನ ಬಾತ್‌ರೂಮ್ ಒಡೆಸಿ ಹೊಸದಾಗಿ ಮಾಡಿಸೋ ಎಸ್ಟಿಮೇಟ್ ಹಿಡಿದು ಇವತ್ತು ಕಂಟ್ರಾಕ್ಟರ್ ಜೊತೆ ಕೂತಿದ್ದೆವು. ಒಡೆಯೋ ಕೂಲಿ, ವಾಟರ್‌ಪ್ರೂಫಿಂಗ್, ಪ್ಲಂಬಿಂಗ್ ಲೆಕ್ಕವೆಲ್ಲ ಸರಿಯಾಗಿದೆ. ತೊಡಕಿರುವುದು ನಾವಿನ್ನೂ ಆರಿಸದ ಸಾಮಾನುಗಳಲ್ಲಿ. 'ಟೈಲ್ಸ್, ಬೇಸಿಕ್ ರೇಟ್ ಚದರಡಿಗೆ 45' ಅಂತ ಒಂದು ಸಾಲು, 'ಸ್ಯಾನಿಟರಿ ಐಟಂ 25,000' ಅಂತ ಇನ್ನೊಂದು.

"ಅಕ್ಕಾ, ಅದು ಅಂದಾಜಿಗೆ ಹಾಕಿರೋದು. ನೀವು ಅಂಗಡೀಲಿ ನೋಡ್ಕೊಂಡು ಬನ್ನಿ, ಹೆಚ್ಚು ಕಮ್ಮಿ ಆಮೇಲೆ ನೋಡ್ಕೊಳ್ಳೋಣ" ಅಂದರು. ಮನುಷ್ಯ ಒಳ್ಳೆಯವರೇ. ಆದರೂ ಆ ಹೆಚ್ಚು ಕಮ್ಮಿಯ ಲೆಕ್ಕ ಕೆಲಸ ಶುರುವಾಗೋ ಮುಂಚೆಯೇ ಕಾಗದದ ಮೇಲೆ ಬರಬೇಕು ಅಂತ ಪಟ್ಟು ಹಿಡಿದೆ.

ಟೈಲ್ಸನ್ನೇ ತಗೊಳ್ಳಿ. ಐದಡಿ-ಏಳಡಿ ಬಾತ್‌ರೂಮ್, ಗೋಡೆಗೆ ಏಳಡಿ ಎತ್ತರದವರೆಗೆ ಟೈಲ್ಸ್. ಬಾಗಿಲು ಕಳೆದು ನೆಲವೂ ಸೇರಿ ಸುಮಾರು 185 ಚದರಡಿ. 45ರಂತೆ 8,325 ರೂಪಾಯಿ ಆಯಿತು. ಅಮ್ಮನಿಗೆ ಹಿಡಿಸಿದ್ದು, ಕಾಲು ಜಾರದ ಮ್ಯಾಟ್ ಫಿನಿಶ್‌ನದು, 62. ಕತ್ತರಿಸುವಾಗ ಹಾಳಾಗೋದಕ್ಕೆ ಶೇಕಡಾ 10 ಸೇರಿಸಿ, ಮೇಲೆ ಶೇಕಡಾ 18 ಜಿಎಸ್‌ಟಿ ಹಾಕಿದರೆ ಹತ್ತಿರ ಹತ್ತಿರ 15,000! ಲಗೇಜ್ ಆಟೋ ಬಾಡಿಗೆ, ಇಳಿಸೋ ಕೂಲಿ ಬೇರೆ. ಅಂದರೆ ಚದರಡಿಗೆ 17 ರೂಪಾಯಿಯ ವ್ಯತ್ಯಾಸಕ್ಕಿಂತ, ಆ 45ರಲ್ಲಿ ಏನೇನು ಸೇರಿಲ್ಲ ಅನ್ನೋದೇ ಜಾಸ್ತಿ ಹೊರೆ. ವಿಟ್ರಿಫೈಡ್ ಟೈಲ್ಸ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಗಟ್ಟಿ ಮಾಡಿದ್ದು, ನೀರು ಹೀರೋದೇ ಕಮ್ಮಿ, ಬರೀ ಸಿಮೆಂಟಿಗೆ ಸರಿಯಾಗಿ ಕಚ್ಚಲ್ಲ. ಗೋಡೆಗೆ ಅದನ್ನು ಹಾಕಿಸೋದಾದರೆ ಅಡೆಸಿವ್ (ಟೈಲ್ಸ್ ಅಂಟಿಸೋ ಅಂಟು) ಖರ್ಚು ಯಾರದ್ದು ಅಂತಲೂ ಬರೆಸಿದೆ. 45ಕ್ಕಿಂತ ಕಡಿಮೆಯದು ಆರಿಸಿದರೆ ಉಳಿದ ದುಡ್ಡು ಬಿಲ್ಲಲ್ಲಿ ಕಳೆಯಬೇಕು ಅಂದಾಗ ಅವರು ಸ್ವಲ್ಪ ಯೋಚಿಸಿ, ಆಗಲಿ ಅಂದರು.

ಆ 25,000ವನ್ನು ಬಿಡಿಸಿ ಕಮೋಡು, ಬೇಸಿನ್, ನಲ್ಲಿಗಳು, ಶವರ್‌ಗೆ ಬೇರೆ ಬೇರೆ ಮಾಡಿಸಿದ್ದೇವೆ. ಗೀಸರ್ ಅದರಲ್ಲಿ ಇರಲೇ ಇಲ್ಲ.

ಕನ್ನಡಿ, ಲೈಟು, ಟವೆಲ್ ರಾಡ್ ಕೊನೆಗೆ ಆರಿಸಿದರೂ ನಡೆಯುತ್ತೆ. ಆದರೆ ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸೋ ಡೈವರ್ಟರ್‌ನ ಬಾಡಿ ಗೋಡೆಯೊಳಗೇ ಕೂರೋದು. ಎಸ್-ಟ್ರ್ಯಾಪ್ ಕಮೋಡಾದರೆ, ಅಂದರೆ ಹೊರಹೋಗೋ ಪೈಪು ನೆಲದೊಳಕ್ಕೆ ಇಳಿಯೋದಾದರೆ, ಗೋಡೆಯಿಂದ ಪೈಪಿನ ನಡುವಿಗೆ 9 ಇಂಚೋ 12 ಇಂಚೋ ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ. ಇವೆರಡಕ್ಕೆ ಅಂದಾಜಿನ ಮೊತ್ತ ಬರೆದು ಸುಮ್ಮನಿರೋ ಹಾಗಿಲ್ಲ, ಪ್ಲಂಬರ್ ಗೋಡೆ ಕೊರೆಯೋ ಮುಂಚೆ ಮಾಡೆಲ್ಲೇ ಗೊತ್ತಾಗಬೇಕು. ನಾಳೆ ಸಂಜೆ ಅಮ್ಮನನ್ನು ಅಂಗಡಿಗೆ ಕರ್ಕೊಂಡು ಹೋಗ್ತೀನಿ. ಮಂಡಿ ನೋವಿರೋದರಿಂದ ಕಮೋಡಿನ ಎತ್ತರ ಅವರೇ ಕೂತು ನೋಡಬೇಕು.

ಬಾತ್‌ರೂಮಿನ ಜೊತೆಗೇ ಮಾಡಿಸೋ ಅಡುಗೆಮನೆ ಕಟ್ಟೆಗೆ ಗ್ರಾನೈಟೋ ಕ್ವಾರ್ಟ್ಜೋ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಎರಡರಲ್ಲಿ ದುಬಾರಿಯದ್ದರ ರೇಟೇ ಹಾಕಿಸಿದ್ದೇನೆ.