ಕಡಲಾಮೆಗಳ ಮುಖದ ಆಲ್ಬಮ್: ಕೆಲಸ ಎಲ್ಲಿಗೆ ಬಂತು

ಎಡಗೆನ್ನೆಯ ಫೋಲ್ಡರ್ ತುಂಬುತ್ತಿದೆ, ಬಲಗೆನ್ನೆಯದು ಇನ್ನೂ ಅರೆಖಾಲಿ. ಕಡಲಾಮೆಗಳನ್ನು ಒಂದೊಂದಾಗಿ ಗುರುತು ಹಿಡಿಯುವ ನನ್ನ ಆಲ್ಬಮ್ಮಿನ ಸದ್ಯದ ಸ್ಥಿತಿ ಇದು. ಕಣ್ಣಿನ ಹಿಂದೆ ಕೆನ್ನೆಯ ಮೇಲಿರುವ ಹುರುಪೆಗಳ ಜೋಡಣೆ ಆಮೆಯಿಂದ ಆಮೆಗೆ ಬೇರೆ. ವರ್ಷಗಳು ಕಳೆದರೂ ಅದು ಹೆಚ್ಚುಕಡಿಮೆ ಹಾಗೇ ಇರುತ್ತದೆ. ತೊಡಕು ಏನೆಂದರೆ, ಒಂದೇ ಆಮೆಯ ಎರಡು ಕೆನ್ನೆಗಳೂ ಹೊಂದುವುದಿಲ್ಲ. ಎರಡೂ ಬದಿ ಒಟ್ಟಿಗೆ ಸಿಗದಿದ್ದರೆ ಒಂದು ಆಮೆ ನನ್ನ ಲೆಕ್ಕದಲ್ಲಿ ಎರಡಾಗಿ ಕೂತಿರಬಹುದು!

ಹಾಗಂತ ಇನ್ನೊಂದು ಬದಿಗಾಗಿ ಆಮೆಯನ್ನು ಸುತ್ತು ಹಾಕುವುದಿಲ್ಲ. ಮೇಯುತ್ತಿರುವ ಆಮೆ ಕಂಡರೆ ಕೆಲವು ಮೀಟರ್ ದೂರದಲ್ಲಿ, ಪಕ್ಕದಲ್ಲಿ, ಅದಕ್ಕೆ ಕಾಣುವ ಹಾಗೆ ಸುಮ್ನೆ ತೇಲುತ್ತೇನೆ. ಹಿಂದಿನಿಂದ ಹೋದರೆ ಬೆದರುತ್ತದೆ. ನೇರ ಮೇಲೆ ನಿಂತರೆ ಇನ್ನೂ ಕೆಟ್ಟದು, ಉಸಿರಿಗೆ ಅದು ಬರಬೇಕಾದ ದಾರಿಯೇ ಅದು ಅಲ್ವಾ? ಹಸಿರು ಕಡಲಾಮೆ ಮಲಗಿದ್ದಾಗ ಗಂಟೆಗಟ್ಟಲೆ ನೀರಿನಡಿ ಇರಬಲ್ಲದು. ಬೆದರಿ ಈಜಿದರೆ ಆ ಉಸಿರು ಬೇಗ ಖರ್ಚಾಗುತ್ತದೆ. ಮೇಯುವುದು ನಿಲ್ಲಿಸಿ ನನ್ನ ಕಡೆ ತಲೆ ತಿರುಗಿಸಿತೋ, ನಾನು ಹಿಂದೆ ಸರಿಯುತ್ತೇನೆ. ಹಾಗೆ ಬಿಟ್ಟ ಆಮೆ ಎಷ್ಟೋ ಸಲ ಮೇಲೆ ಹೋಗಿ ಉಸಿರು ತಗೊಂಡು ಅದೇ ಕಡಲಹುಲ್ಲಿಗೆ ವಾಪಸ್ ಬರುತ್ತದೆ. ಆಗ ಇನ್ನೊಂದು ಕೆನ್ನೆ ನನ್ನ ಕಡೆಗಿದ್ದರೆ ಅದೃಷ್ಟ.

ಗುರುತಿಗೆ ಫ್ರೇಮ್ ತುಂಬ ಮುಖ ಬೇಕಿಲ್ಲ. ಹುರುಪೆಗಳ ಗೆರೆ ಸ್ಪಷ್ಟವಾಗಿದ್ದರೆ ದೂರದ ಫೋಟೊವನ್ನೇ ಕ್ರಾಪ್ ಮಾಡಿದರಾಯಿತು. ಫ್ಲ್ಯಾಶ್ ಹಾಕುವುದಿಲ್ಲ. ಕೆಂಪು ಬಣ್ಣ ಮೊದಲ ಕೆಲವು ಮೀಟರ್ ಆಳದಲ್ಲೇ ಮಾಯವಾಗುತ್ತದೆ. ಹಾಗಾಗಿ ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆದು ಆಮೇಲೆ ಸರಿಪಡಿಸುತ್ತೇನೆ. ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಕಪ್ಪು-ಬಿಳುಪೂ ಸಾಕು.

ರಾತ್ರಿ ದಡಕ್ಕೆ ಬರುವ ಆಮೆಗಳನ್ನು ಆಲ್ಬಮ್ಮಿಗೆ ಸೇರಿಸುವುದು ಬೇಡ ಅಂತ ತೀರ್ಮಾನಿಸಿದ್ದೇನೆ. ಬೆಳಕು, ಓಡಾಟ ಕಂಡರೆ ತಾಯಿ ಮೊಟ್ಟೆ ಇಡದೆಯೇ ನೀರಿಗೆ ತಿರುಗಬಹುದು. ಮರಿಗಳಿಗೆ ಬೆಳಕು ಜಾಸ್ತಿ ಇರುವ ಕಡೆಯೇ ಕಡಲು. ಒಂದು ಫೋನಿನ ಟಾರ್ಚ್ ಸಾಕು ದಾರಿ ತಪ್ಪಿಸಲು.

ಈ ವಾರ ಹಳೆಯ ಫೋಟೊಗಳನ್ನು ವಿಂಗಡಿಸುತ್ತಿದ್ದೇನೆ. ಹಂಚುವ ಪ್ರತಿಗಳಿಂದ ಜಾಗದ ಮಾಹಿತಿ ಅಳಿಸುವ ಕೆಲಸವೂ ಜೊತೆಗೇ ನಡೆದಿದೆ. ಮೇಲಿನಿಂದ ತೆಗೆದವುಗಳಲ್ಲಿ ಕೆನ್ನೆ ಸರಿಯಾಗಿ ಕಾಣುವುದಿಲ್ಲ. ಆದರೂ ಅವನ್ನು ಬಿಸಾಡುತ್ತಿಲ್ಲ. ಕಣ್ಣುಗಳ ನಡುವೆ, ಮೂಗಿನ ಹಿಂದೆ ಒಂದು ಜೊತೆ ಹುರುಪೆ ಇದ್ದರೆ ಹಸಿರು ಕಡಲಾಮೆ, ಎರಡು ಜೊತೆ ಇದ್ದರೆ ಇನ್ನೊಂದು ಜಾತಿಯ ಕಡಲಾಮೆಯಾದ ಹಾಕ್ಸ್‌ಬಿಲ್ ಅಂತ ಆ ಎರಡನ್ನು ಬೇರೆ ಮಾಡಲು ಅವು ಬೇಕಾಗುತ್ತವೆ.