ಮೇರಿಯ ಪಕ್ಷವೋ, ಈಡಿತಳ ಪಕ್ಷವೋ?

‘ಡೌನ್‌ಟನ್ ಆ್ಯಬಿ’ ಧಾರಾವಾಹಿಯ ಮೇಲೆ ನನಗಿರುವ ಅಭಿಮಾನವನ್ನು ಬಲ್ಲವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಆ ಅಕ್ಕತಂಗಿಯರ ಜಗಳದಲ್ಲಿ ತಪ್ಪು ಯಾರದು, ಮೇರಿಯದೋ ಈಡಿತಳದೋ? ಅಕ್ಕನಿಗೆ ಸೊಕ್ಕು, ತಂಗಿಗೆ ಹೊಟ್ಟೆಕಿಚ್ಚು ಎಂದು ಹೇಳಿ ಮಾತು ಮುಗಿಸುವವರು ಬಹಳ ಮಂದಿ ಇದ್ದಾರೆ. ಆ ಮತ್ಸರದ ಬೇರು ಇಬ್ಬರ ಸ್ವಭಾವಕ್ಕಿಂತ ಹೆಚ್ಚಾಗಿ ಅವರು ಹುಟ್ಟಿದ ಮನೆಯ ವಾರಸುದಾರಿಕೆಯ ಕಟ್ಟಳೆಯಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ಒಬ್ಬರ ಪಕ್ಷ ವಹಿಸಲೇಬೇಕೆಂದರೆ ನಾನು ಈಡಿತಳ ಕಡೆಯವಳು.

ನೋಡದವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಜೂಲಿಯನ್ ಫೆಲೋಸ್ ಬರೆದ ಈ ಧಾರಾವಾಹಿ ಬ್ರಿಟನ್ನಿನ ಐಟಿವಿಯಲ್ಲಿ 2010ರಿಂದ 2015ರವರೆಗೆ ಆರು ಸರಣಿಗಳಲ್ಲಿ ಪ್ರಸಾರವಾಯಿತು. ಕಥೆ ನಡೆಯುವುದು ಯಾರ್ಕ್‌ಷೈರಿನಲ್ಲಿ. ತೆರೆಯ ಮೇಲೆ ಕಾಣುವ ಭವ್ಯ ಬಂಗಲೆ ಹ್ಯಾಂಪ್‌ಷೈರಿನ ಹೈಕ್ಲಿಯರ್ ಕ್ಯಾಸಲ್. ಅರ್ಲ್ ಎಂಬ ವಂಶಪಾರಂಪರ್ಯ ಪದವಿಯ ರಾಬರ್ಟ್ ಕ್ರಾಲಿ ಮತ್ತು ಅವನ ಅಮೆರಿಕನ್ ಹೆಂಡತಿ ಕೋರಾ ದಂಪತಿಗೆ ಮೇರಿ, ಈಡಿತ್, ಸಿಬಿಲ್ ಎಂಬ ಮೂವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಪದವಿಯ ಜೊತೆಗೆ ಭೂಮಿಯೂ ಮನೆಯೂ ಗಂಡು ವಾರಸುದಾರನಿಗೇ ಸೇರತಕ್ಕದ್ದೆಂಬ ‘ಎಂಟೇಲ್’ ಆ ಆಸ್ತಿಯನ್ನು ಬಿಗಿದಿದೆ. ಕೋರಾ ತವರಿನಿಂದ ತಂದ ಅಪಾರ ಹಣವೂ ಅದರೊಳಗೇ ಸೇರಿಹೋಗಿರುವುದರಿಂದ, ತಾಯಿಯ ದುಡ್ಡು ಕೂಡ ಮಕ್ಕಳ ಕೈಗೆ ಬರುವಂತಿಲ್ಲ.

ಕಥೆ ಆರಂಭವಾಗುವುದು 1912ರ ಏಪ್ರಿಲ್‌ನಲ್ಲಿ, ಟೈಟಾನಿಕ್ ಹಡಗು ಮುಳುಗಿದ ಸುದ್ದಿಯೊಂದಿಗೆ. ಮುಂದಿನ ವಾರಸುದಾರನೂ ಅವನ ಮಗ ಪ್ಯಾಟ್ರಿಕ್‌ನೂ ಆ ಹಡಗಿನಲ್ಲಿ ಸಾಯುತ್ತಾರೆ. ಮನೆತನದ ಆಸ್ತಿ ಮನೆಯಲ್ಲೇ ಉಳಿಯಲೆಂದು ಮೇರಿಯನ್ನು ಪ್ಯಾಟ್ರಿಕ್‌ಗೆ ಕೊಡುವುದೆಂದು ಮಾತಾಗಿತ್ತು. ಅವನನ್ನು ನಿಜವಾಗಿ ಪ್ರೀತಿಸಿದ್ದವಳು ಈಡಿತ್. ಮನಸ್ಸಿಲ್ಲದವಳಿಗೆ ಶೋಕದ ಅಧಿಕಾರ ಸಿಕ್ಕಿತು, ಮನಸ್ಸಿದ್ದವಳಿಗೆ ಬಹಿರಂಗವಾಗಿ ಅಳುವ ಹಕ್ಕೂ ಇಲ್ಲದಾಯಿತು. ಮುಂದಿನ ಆರು ಸರಣಿಗಳ ಕಹಿಗೆಲ್ಲ ಇದೇ ಮೊದಲ ಹನಿ. ದಾಯಾದಿ ಮತ್ಸರವೆನ್ನೋಣವೆಂದರೆ ಈ ಹೆಣ್ಣುಮಕ್ಕಳಿಗೆ ಪಾಲು ಮಾಡಿಕೊಳ್ಳಲು ಅಂಗುಲ ನೆಲವೂ ಇಲ್ಲ. ಅವರ ನಡುವೆ ಪೈಪೋಟಿಗೆ ಉಳಿದಿರುವುದು ತಕ್ಕ ಗಂಡ, ಮತ್ತು ತಂದೆತಾಯಿಯ ಗಮನ.

ಆ ಗಮನ ಹೇಗೆ ಹಂಚಿಹೋಗಿತ್ತು ಎಂಬುದನ್ನು ಮೊದಲ ಸರಣಿಯ ಒಂದು ಪುಟ್ಟ ಸಂಭಾಷಣೆ ತೋರಿಸುತ್ತದೆ. ಈಡಿತಳ ಬಗ್ಗೆ ನಾವು ಮಾತೇ ಆಡುವುದಿಲ್ಲವಲ್ಲ ಎಂದು ರಾಬರ್ಟ್ ಮರುಗಿದರೆ, ನಮ್ಮ ಮುಪ್ಪಿನಲ್ಲಿ ನೋಡಿಕೊಳ್ಳುವವಳು ಅವಳೇ ಆಗುತ್ತಾಳೇನೋ ಎಂದು ಕೋರಾ ಹೇಳುತ್ತಾಳೆ. ಆ ಭವಿಷ್ಯ ಅವರಿಬ್ಬರಿಗೂ ಹಿತವಾಗಿ ಕಾಣುವುದಿಲ್ಲ. ಕೆಟ್ಟ ತಂದೆತಾಯಿಗಳಲ್ಲ ಅವರು, ಮಕ್ಕಳನ್ನು ಪ್ರೀತಿಸುವವರೇ. ಆದರೆ ಮದುವೆಯ ಪೇಟೆಯಲ್ಲಿ ಯಾವ ಮಗಳಿಗೆ ಎಷ್ಟು ಬೆಲೆ ಬರಬಹುದೆಂದು ತೂಗುತ್ತ ತೂಗುತ್ತ, ನಡುವಿನ ಮಗಳನ್ನು ಮುಂಚಿತವಾಗಿಯೇ ಲೆಕ್ಕದಿಂದ ಬಿಟ್ಟಿದ್ದಾರೆ. ಹಾಗೆ ಬಿಟ್ಟುಹೋದವಳು ಒಳ್ಳೆಯ ಮನಸ್ಸಿನಿಂದ ಅಕ್ಕನ ಸೊಬಗನ್ನು ಮೆಚ್ಚುತ್ತ ಕೂರಬೇಕಿತ್ತೆಂದು ನಿರೀಕ್ಷಿಸುವುದು ನನಗೆ ಅನ್ಯಾಯವೆನಿಸುತ್ತದೆ.

ಈಡಿತ್ ಮಾಡಿದ್ದು ಸಣ್ಣ ತಪ್ಪಲ್ಲ ಎಂಬುದನ್ನೂ ಹೇಳಬೇಕು. ತುರ್ಕಿಯ ರಾಜತಾಂತ್ರಿಕ ಪಾಮುಕ್ ಮೇರಿಯ ಹಾಸಿಗೆಯಲ್ಲಿ ಸತ್ತದ್ದನ್ನು ಅಡುಗೆಮನೆಯ ಹುಡುಗಿ ಡೈಸಿಯಿಂದ ತಿಳಿದುಕೊಂಡ ಆಕೆ, ಅದನ್ನು ತುರ್ಕಿಯ ರಾಯಭಾರಿಗೆ ಪತ್ರ ಬರೆದು ತಿಳಿಸುತ್ತಾಳೆ. ಆ ಕಾಲದಲ್ಲಿ ಅದು ಒಡಹುಟ್ಟಿದವಳ ಬಾಳನ್ನೇ ಹಾಳುಮಾಡಬಲ್ಲ ಕೆಲಸ. ಮೇರಿಯ ಪ್ರತೀಕಾರ ಹೆಚ್ಚು ನಯವಾದದ್ದು, ಅಷ್ಟೇ ಕ್ರೂರವಾದದ್ದು: 1914ರ ಆಗಸ್ಟ್‌ನ ಉದ್ಯಾನಕೂಟದಲ್ಲಿ, ಈಡಿತಳಿಗೆ ಮದುವೆಯ ಪ್ರಸ್ತಾಪ ಮಾಡಲೆಂದೇ ಬಂದಿದ್ದ ಸರ್ ಆಂಟನಿ ಸ್ಟ್ರಾಲನ್‌ನ ಕಿವಿಗೆ, ಯಾವನೋ ಬೇಸರ ಹುಟ್ಟಿಸುವ ಮುದುಕ ತನ್ನ ಬೆನ್ನು ಬಿದ್ದಿದ್ದಾನೆಂದು ಈಡಿತ್ ನಗುತ್ತಿದ್ದಾಳೆ ಎಂಬ ಅರ್ಥ ಬರುವ ಮಾತು ಹಾಕುತ್ತಾಳೆ. ಅವನು ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗುತ್ತಾನೆ. ಅದೇ ಕೂಟದಲ್ಲಿ ರಾಬರ್ಟ್ ಯುದ್ಧ ಘೋಷಣೆಯಾದ ಸುದ್ದಿಯನ್ನು ಓದಿ ಹೇಳುತ್ತಾನೆ.

ಹಾಗಾದರೆ ಈಡಿತಳ ಪಕ್ಷವೇಕೆ? ಆಕೆ ಬೆಳೆಯುತ್ತಾಳೆ, ಅದಕ್ಕೆ. ಯುದ್ಧಕಾಲದಲ್ಲಿ ನೆರೆಯ ರೈತನ ಟ್ರ್ಯಾಕ್ಟರ್ ಓಡಿಸುತ್ತಾಳೆ. ಬಂಗಲೆಯಲ್ಲಿ ಚೇತರಿಸಿಕೊಳ್ಳುತ್ತಿರುವ ಗಾಯಾಳುಗಳ ಸಣ್ಣಪುಟ್ಟ ಬೇಕುಬೇಡಗಳನ್ನು ಗಮನಿಸುತ್ತಾಳೆ. ಮದುವೆಯ ಮಂಟಪದಲ್ಲೇ ಸ್ಟ್ರಾಲನ್ ಕೈಬಿಟ್ಟ ಮೇಲೆ ಪತ್ರಿಕೆಗೆ ಬರೆಯತೊಡಗುತ್ತಾಳೆ, ಮುಂದೆ ಲಂಡನ್ನಿನಲ್ಲಿ ಅದೇ ಪತ್ರಿಕೆಯ ಒಡತಿಯಾಗುತ್ತಾಳೆ. ಮದುವೆಯಾಗದೆ ಹೆತ್ತ ಮಗಳು ಮಾರಿಗೋಲ್ಡ್‌ಳನ್ನು ಮೊದಲು ಬೇರೆಯವರ ಕೈಗೊಪ್ಪಿಸಿದರೂ, ಎಷ್ಟು ಅಪಮಾನದ ಭಯವಿದ್ದರೂ ಕೊನೆಗೆ ತನ್ನ ಬಳಿಗೇ ಕರೆತರುತ್ತಾಳೆ. ಮನೆ ಕೊಡದ ಸ್ಥಾನವನ್ನು ಆಕೆ ಮನೆಯ ಹೊರಗೆ ಗಳಿಸಿಕೊಳ್ಳುತ್ತಾಳೆ. ಮೇರಿಗೂ ಗಂಡ ಮ್ಯಾಥ್ಯೂ ಸತ್ತ ಮೇಲೆ ಜಮೀನಿನ ಆಡಳಿತ ಕೈಗೆ ಬರುತ್ತದೆ, ಅದನ್ನು ಸಮರ್ಥವಾಗಿ ನಡೆಸುತ್ತಾಳೆ. ಆದರೆ ಆರನೆಯ ಸರಣಿಯಲ್ಲಿ, ತನ್ನ ಪ್ರೇಮ ಮುರಿದುಬಿದ್ದ ಗಳಿಗೆಯಲ್ಲಿ ತಂಗಿಯ ಸುಖವನ್ನು ಸಹಿಸಲಾರದೆ, ಈಡಿತಳನ್ನು ವರಿಸಲಿದ್ದ ಬರ್ಟಿಯ ಮುಂದೆ ಮಾರಿಗೋಲ್ಡ್‌ಳ ಗುಟ್ಟನ್ನು ರಟ್ಟು ಮಾಡುತ್ತಾಳೆ. ಬದುಕಿನಲ್ಲಿ ಎಲ್ಲವೂ ಇದ್ದವಳಿಂದ ಬಂದ ಏಟು ಅದು. ರಾಯಭಾರಿಗೆ ಪತ್ರ ಬರೆದವಳ ಬಳಿ ಏನೂ ಇರಲಿಲ್ಲ. ನನ್ನ ತಕ್ಕಡಿ ವಾಲುವುದು ಇಲ್ಲೇ.

ನಮ್ಮ ಎಷ್ಟೋ ಧಾರಾವಾಹಿಗಳಲ್ಲಿ ಅಸೂಯೆಯ ತಂಗಿ ಕೊನೆಗೆ ಶಿಕ್ಷೆ ಅನುಭವಿಸುತ್ತಾಳೆ, ಇಲ್ಲವೇ ಅಕ್ಕನ ಕಾಲಿಗೆ ಬಿದ್ದು ಅಳುತ್ತಾಳೆ. ಇಲ್ಲಿ ಎರಡೂ ನಡೆಯುವುದಿಲ್ಲ. ಹೆರಿಗೆಯ ಬಳಿಕ ಸೆಳವು ಬಂದು ಸಿಬಿಲ್ ತೀರಿಕೊಂಡಾಗ, ಇನ್ನು ಮುಂದೆಯಾದರೂ ನಾವು ಸ್ವಲ್ಪ ಹೊಂದಿಕೊಂಡಿರೋಣವೇ ಎಂದು ಈಡಿತ್ ಕೇಳಿದರೆ, ಅದು ಅನುಮಾನವೆಂದೇ ಮೇರಿ ಹೇಳುತ್ತಾಳೆ. ಮೂವರೂ ಒಟ್ಟಿಗಿರುವ ಕೊನೆಯ ಗಳಿಗೆ ಇದಾದ್ದರಿಂದ ಈಗ ಮಾತ್ರ ಪ್ರೀತಿಯಿಂದಿರೋಣ ಎನ್ನುತ್ತಾಳೆ. ಅಷ್ಟು ದುಃಖದಲ್ಲೂ ಸುಳ್ಳು ಭರವಸೆ ಕೊಡದ ಆ ಮಾತನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಮೇರಿಯ ಎರಡನೆಯ ಮದುವೆಗೆ, ಗುಟ್ಟು ರಟ್ಟಾದ ಗಾಯ ಇನ್ನೂ ಹಸಿಯಾಗಿರುವಾಗಲೇ, ಈಡಿತ್ ಬಂದು ನಿಲ್ಲುತ್ತಾಳೆ: ಹಳಬರೆಲ್ಲ ಹೋದ ಮೇಲೆ ಅವರ ನೆನಪು ಉಳಿಯುವುದು ನಮ್ಮಿಬ್ಬರಲ್ಲಿ ಮಾತ್ರ ಎಂಬುದೇ ಆಕೆ ಕೊಡುವ ಕಾರಣ. ಇಷ್ಟವಾಗದವಳನ್ನೂ ಬಿಡಲಾಗದ ಆ ಬಂಧವನ್ನು ಕಿರುತೆರೆಯಲ್ಲಿ ಇಷ್ಟು ಸತ್ಯವಾಗಿ ತೋರಿಸಿದ್ದನ್ನು ನಾನು ಬೇರೆಡೆ ಕಂಡಿಲ್ಲ. ಬಳಿಕ ಬರ್ಟಿಯನ್ನೂ ಈಡಿತಳನ್ನೂ ಮತ್ತೆ ಎದುರುಬದುರು ಕೂರಿಸುವವಳು ಮೇರಿಯೇ.

ಈಡಿತಳ ಮದುವೆ ನಡೆಯುವುದು 1925ರ ಡಿಸೆಂಬರ್ 31ರಂದು. ವಿಲ್ ಬರೆಯದೆ ಸತ್ತವರ ಭೂಮಿ ಹಿರಿಯ ಗಂಡುಮಗನಿಗೇ ಹೋಗುವ ಹಳೆಯ ನಿಯಮವನ್ನು ರದ್ದುಪಡಿಸಿದ ಕಾಯಿದೆ ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದು ಮರುದಿನ, 1926ರ ಜನವರಿ 1ರಂದು. ಅದರಿಂದ ಎಂಟೇಲ್ ಕಳಚಲಿಲ್ಲ. ಅರ್ಲ್‌ನಂಥ ಪದವಿಗಳಂತೂ ಇಂದಿಗೂ ಬಹುಪಾಲು ಗಂಡುಮಕ್ಕಳಿಗೇ ಸಲ್ಲುತ್ತವೆ. ಆದ್ದರಿಂದ ತಪ್ಪು ಯಾರದೆಂದು ಕೇಳುವವರಿಗೆ ನಾನು ಮೊದಲು ಆ ಕಟ್ಟಳೆಯನ್ನು ತೋರಿಸುತ್ತೇನೆ, ಆಮೇಲೆ ತಂದೆತಾಯಿಯನ್ನು, ಆಮೇಲಷ್ಟೇ ಮೇರಿಯನ್ನು. ಒಪ್ಪದವರು ಮೊದಲ ಸರಣಿಯ 7ನೆಯ, ಮೂರನೆಯ ಸರಣಿಯ 5ನೆಯ ಮತ್ತು ಆರನೆಯ ಸರಣಿಯ 8ನೆಯ ಸಂಚಿಕೆಗಳನ್ನು ಒಂದರ ಹಿಂದೊಂದು ನೋಡಿ ತಮ್ಮ ತೀರ್ಪನ್ನು ತಾವೇ ಕೊಡಬಹುದು.