ಬಾಂಬು ಬಿದ್ದ ಬಯಲಿನಲ್ಲಿ ಕಳ್ಳ-ಪೊಲೀಸ್ ಆಟ

ಲಂಡನ್ನಿನ ಪಶ್ಚಿಮ ಭಾಗದ ಈಲಿಂಗ್‌ನಲ್ಲಿ ನಾವು ಮನೆ ಹಿಡಿದು ಹನ್ನೊಂದು ವರ್ಷವಾಯಿತು. ಊರಿನಿಂದ ಬಂದ ನೆಂಟರನ್ನು ಥೇಮ್ಸ್ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆಗೆ ತಪ್ಪದೆ ಕರೆದೊಯ್ಯುವ ನಾನು, ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಬಿಳಿ ಬಣ್ಣದ ಹಳೆಯ ಬಂಗಲೆಯೊಂದನ್ನು ಯಾರಿಗೂ ತೋರಿಸಿರಲಿಲ್ಲ. ಈಲಿಂಗ್ ಗ್ರೀನ್ ಎಂಬ ಹುಲ್ಲುಬಯಲಿನ ಅಂಚಿನಲ್ಲಿರುವ ಆ ಬಂಗಲೆಯ ಹಿಂದೆ ಸಿನಿಮಾ ಸ್ಟುಡಿಯೋ ಇದೆ ಎಂದು ತಿಳಿದಿತ್ತು; ಅಲ್ಲಿಂದ ಏನೇನು ಹೊರಬಂದಿದೆ ಎಂದು ತಿಳಿದಿರಲಿಲ್ಲ. ತಿಳಿಸಿಕೊಟ್ಟವರು ನಮ್ಮ ಎದುರುಮನೆಯ ಹಿರಿಯರು. ಎಂಬತ್ತೇಳರ ಈ ಅಜ್ಜ ಹುಟ್ಟಿ ಬೆಳೆದದ್ದು ಲಂಡನ್ನಿನ ಪೂರ್ವ ಭಾಗದಲ್ಲಿ, ಹಡಗುಕಟ್ಟೆಗಳ ಬಳಿಯ ಕೂಲಿಕಾರರ ಕೇರಿಯಲ್ಲಿ. ಕಳೆದ ಚಳಿಗಾಲದ ಒಂದು ಭಾನುವಾರ, ಅವರ ಟಿ.ವಿ.ಯ ತಂತಿ ಸರಿಮಾಡಿಕೊಡಲು ಹೋದವನನ್ನು ಅಲ್ಲಿಯೇ ಕೂರಿಸಿ, ಚಹಾ ಕೊಟ್ಟು, ಒಂದು ಕಪ್ಪು-ಬಿಳುಪು ಚಿತ್ರ ತೋರಿಸಿದರು.

ಚಿತ್ರದ ಹೆಸರು ‘ಹ್ಯೂ ಅಂಡ್ ಕ್ರೈ’. ಇದು ಇಂಗ್ಲೆಂಡಿನ ಹಳೆಯ ಕಾನೂನಿನಿಂದ ಬಂದ ಮಾತು. ಕಳ್ಳನನ್ನು ಕಂಡವನು ಕೂಗು ಹಾಕಬೇಕು, ಆ ಕೂಗು ಕಿವಿಗೆ ಬಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಬೆನ್ನಟ್ಟಬೇಕು ಎಂಬ ಈ ಕಟ್ಟಳೆ 1285ರ ಶಾಸನದಲ್ಲಿಯೇ ಇದೆ. ಚಿತ್ರೀಕರಣ ನಡೆದದ್ದು 1946ರಲ್ಲಿ, ಚಿತ್ರ ತೆರೆಗೆ ಬಂದದ್ದು 1947ರ ಫೆಬ್ರುವರಿಯಲ್ಲಿ. ಹಿಮ ಬಿದ್ದು ರೈಲುಗಳು ನಿಂತು, ಕಲ್ಲಿದ್ದಲು ಸಿಗದೆ ಮನೆಗಳಿಗೆ ಹಗಲಿನಲ್ಲಿ ಗಂಟೆಗಟ್ಟಲೆ ವಿದ್ಯುತ್ ಕಡಿತವಾಗುತ್ತಿದ್ದ ತಿಂಗಳು ಅದು. ಯುದ್ಧ ಗೆದ್ದ ದೇಶದಲ್ಲಿ, ಯುದ್ಧ ನಡೆಯುವಾಗಲೂ ಇರದಿದ್ದ ಬ್ರೆಡ್ಡಿನ ರೇಷನ್ ಯುದ್ಧ ಮುಗಿದ ಮೇಲೆ, 1946ರಲ್ಲಿ ಬಂದಿತ್ತು. ಇಂಥ ಹೊತ್ತಿನಲ್ಲಿ ಮೈಕೆಲ್ ಬಾಲ್ಕನ್ ನಡೆಸುತ್ತಿದ್ದ ಈಲಿಂಗ್ ಸ್ಟುಡಿಯೋ, ದೊಡ್ಡ ಕಂಪನಿಗಳ ಅದ್ದೂರಿತನಕ್ಕೆ ಕೈ ಹಾಕದೆ, ಬೀದಿಯ ಹುಡುಗರನ್ನೂ ಹಾಳುಬಿದ್ದ ನಗರವನ್ನೂ ನಂಬಿ ಈ ಚಿತ್ರ ಮಾಡಿತು. ಮುಂದೆ ‘ಈಲಿಂಗ್ ಕಾಮಿಡಿ’ ಎಂದು ಹೆಸರಾದ ಸಾಲಿನಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುವುದು ಇದನ್ನೇ.

ಕಥೆ ಹೀಗಿದೆ. ಜೋ ಕರ್ಬಿ ಎಂಬ ಹುಡುಗನಿಗೆ ‘ಟ್ರಂಪ್’ ಎಂಬ ಮಕ್ಕಳ ವಾರಪತ್ರಿಕೆಯ ಪತ್ತೇದಾರಿ ಕಥೆಯ ಹುಚ್ಚು. ಅದರಲ್ಲಿ ಓದಿದ ಲಾರಿಯ ನಂಬರೇ ಒಂದು ದಿನ ಬೀದಿಯಲ್ಲಿ ಅವನ ಕಣ್ಣೆದುರು ಬಂದು ನಿಲ್ಲುತ್ತದೆ. ತುಪ್ಪುಳಿನ ಕೋಟುಗಳನ್ನು ಕದಿಯುವ ದೊಡ್ಡ ತಂಡವೊಂದು, ಮುಂದಿನ ಕನ್ನ ಎಲ್ಲಿ ಎಂಬುದನ್ನು ಆ ಕಥೆಯೊಳಗೇ ಗುಟ್ಟಾಗಿ ಅಚ್ಚು ಹಾಕಿಸಿ ತನ್ನವರಿಗೆ ತಿಳಿಸುತ್ತಿದೆ. ಊರಿನ ಹುಡುಗರೆಲ್ಲ ಕಾಸು ಕೊಟ್ಟು ಓದುವ ಪತ್ರಿಕೆಯೇ ಕಳ್ಳರ ಅಂಚೆಪೆಟ್ಟಿಗೆ! ಪೊಲೀಸ್ ಅಧಿಕಾರಿ ಮಾತ್ರ ಹುಡುಗನ ಮಾತು ನಂಬದೆ, ಕಥೆ ಓದಿ ತಲೆ ಕೆಟ್ಟಿದೆ ಎಂದು ತಿಳಿದು ಅವನಿಗೆ ಕಾವೆಂಟ್ ಗಾರ್ಡನ್ ತರಕಾರಿ ಮಾರುಕಟ್ಟೆಯಲ್ಲಿ ಕೆಲಸ ಕೊಡಿಸುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಸಮಾಜಶಾಸ್ತ್ರದ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿ ಮೇಷ್ಟರ ಕೈಯಲ್ಲಿ ಏಟು ತಿಂದ ನನಗೆ, ಜೋ ಯಾವ ಜಾತಿಯ ಹುಡುಗ ಎಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಜೋ ಪಾತ್ರ ವಹಿಸಿದ ಹ್ಯಾರಿ ಫೌಲರ್ ನಿಜಜೀವನದಲ್ಲಿಯೂ ಬೀದಿಯಲ್ಲಿ ಪತ್ರಿಕೆ ಮಾರುತ್ತಿದ್ದವನು. ಹುಟ್ಟಿದ್ದು ಲ್ಯಾಂಬೆತ್‌ನಲ್ಲಿ, ನಮ್ಮ ಬಸವಣ್ಣನವರ ಪ್ರತಿಮೆ ಇರುವುದೂ ಅಲ್ಲಿಯೇ. ಅವನ ನಾಲಿಗೆಯಲ್ಲಿರುವುದು ಆ ಕೇರಿಗಳ ಇಂಗ್ಲಿಷು. ನಮ್ಮ ಶಾಲೆಗಳಲ್ಲಿ ಕಲಿಸಿದ ಇಂಗ್ಲಿಷಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲದ ಕಾರಣ, ಇಷ್ಟು ವರ್ಷ ಇಲ್ಲಿದ್ದೂ ನಾನು ಅಡಿಬರಹ ಹಾಕಿಸಿಕೊಂಡೇ ನೋಡಬೇಕಾಯಿತು. ಅಜ್ಜ ಮುಸಿಮುಸಿ ನಕ್ಕರು.

ನಟರ ಪಟ್ಟಿಯಲ್ಲಿ ದೊಡ್ಡ ಹೆಸರೆಂದರೆ ಅಲಸ್ಟೇರ್ ಸಿಮ್. ಅವನು ತೆರೆಯ ಮೇಲಿರುವುದು ಸ್ವಲ್ಪ ಹೊತ್ತು. ಆ ಕಥೆಗಳನ್ನು ಬರೆಯುವ ಲೇಖಕನ ಪಾತ್ರ ಅವನದು. ಹುಡುಗರು ಸುರುಳಿ ಮೆಟ್ಟಿಲು ಹತ್ತಿ, ಉಸಿರು ಬಿಗಿಹಿಡಿದು, ಭಯಂಕರ ಮನುಷ್ಯನೊಬ್ಬನನ್ನು ಎದುರಿಸಲು ಹೋದರೆ ಅಲ್ಲಿ ಸಿಗುವುದು ಹುಡುಗರಿಗಿಂತ ಹೆಚ್ಚು ಹೆದರುವ ಒಬ್ಬ ಪುಕ್ಕಲ. ರಕ್ತ ಹರಿಸುವ ಕಥೆ ಬರೆಯುವವನಿಗೆ ನಿಜವಾದ ಕಳ್ಳರ ಹೆಸರು ಕೇಳಿದರೆ ಕೈಕಾಲು ನಡುಗುತ್ತದೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ನಟನೆ ಇದೇ. ದೋಷಗಳೂ ಇಲ್ಲದಿಲ್ಲ. ನಡುವಿನ ಭಾಗ ಸ್ವಲ್ಪ ಎಳೆದಂತಾಗಿದೆ, ಗುಂಪಿನಲ್ಲಿ ಹೆಣ್ಣುಮಗು ಒಂದೇ, ಅದಕ್ಕೂ ಮಾಡಲು ಹೆಚ್ಚು ಕೆಲಸವಿಲ್ಲ. ಕಳ್ಳರ ನಾಯಕನಾರೆಂದು ಇಲ್ಲಿ ಹೇಳಿಬಿಡುತ್ತೇನೆ, ಎಂಬತ್ತು ವರ್ಷದ ಹಿಂದಿನ ಗುಟ್ಟು ಕಾಪಾಡಿ ಏನಾಗಬೇಕು: ಜೋಗೆ ಕೆಲಸ ಕೊಟ್ಟ ನಗುಮುಖದ ಯಜಮಾನನೇ ಅವನು. ಆ ಪಾತ್ರ ಮಾಡಿದ ಜ್ಯಾಕ್ ವಾರ್ನರ್ ಮೂರು ವರ್ಷದ ನಂತರ ಇದೇ ಸ್ಟುಡಿಯೋದ ಮತ್ತೊಂದು ಚಿತ್ರದಲ್ಲಿ, ಈ ಚಿತ್ರವನ್ನು ಬರೆದ ಟಿ.ಇ.ಬಿ. ಕ್ಲಾರ್ಕ್‌ನದೇ ಚಿತ್ರಕಥೆಯಲ್ಲಿ, ಡಿಕ್ಸನ್ ಎಂಬ ಪ್ರಾಮಾಣಿಕ ಪೇದೆಯ ವೇಷ ತೊಟ್ಟ. ಆ ಪೇದೆ ಬಿ.ಬಿ.ಸಿ.ಯಲ್ಲಿ 1955ರಿಂದ 1976ರ ತನಕ ಮನೆಮನೆಗೆ ಬಂದ. ಇಂಗ್ಲೆಂಡಿನವರು ಅಷ್ಟು ಪ್ರೀತಿಸಿದ ಪೊಲೀಸಿನವನು ಮೊದಲು ತುಪ್ಪುಳಿನ ಕಳ್ಳನಾಗಿದ್ದ.

ಆದರೆ ನಾನು ಈ ಚಿತ್ರದ ಬಗ್ಗೆ ಬರೆಯಲು ಕೂತದ್ದು ಕಥೆಗಾಗಿಯಲ್ಲ, ಕಥೆಯ ಹಿಂದೆ ನಿಂತಿರುವ ಊರಿಗಾಗಿ. 1940ರ ಸೆಪ್ಟೆಂಬರಿನಿಂದ 1941ರ ಮೇ ತನಕ ಜರ್ಮನ್ ವಿಮಾನಗಳು ಬಾಂಬು ಸುರಿದ ಲಂಡನ್ನಿನಲ್ಲಿ, ಐದು ವರ್ಷದ ಮೇಲೂ ಗೋಡೆಗಳು ಹಾಗೆಯೇ ನಿಂತಿವೆ. ಮೂರನೆಯ ಮಹಡಿಯ ಬೆಂಕಿಗೂಡು ನೆಲವಿಲ್ಲದೆ ಗೋಡೆಗೆ ಅಂಟಿಕೊಂಡಿದೆ. ಬಾಗಿಲಿನ ಆಚೆ ಕೋಣೆಯಿಲ್ಲ, ಆಕಾಶವಿದೆ. ಸೆಟ್ಟು ಹಾಕಲು ಹಣ ಸುರಿಯಬೇಕಾಗಿಯೇ ಇರಲಿಲ್ಲ, ಹಾಳುಬಿದ್ದ ಊರು ತಾನಾಗಿಯೇ ಸೆಟ್ಟಾಗಿತ್ತು. ನಿರ್ದೇಶಕ ಚಾರ್ಲ್ಸ್ ಕ್ರೈಟನ್ ಮತ್ತು ಛಾಯಾಗ್ರಾಹಕ ಡಗ್ಲಸ್ ಸ್ಲೋಕಂಬ್ ಅದನ್ನು ಮರುಕಕ್ಕಾಗಿ ತೋರಿಸುವುದಿಲ್ಲ. ಅದು ಹುಡುಗರ ಅಂಗಳ, ಅಷ್ಟೆ. ಆ ಗುಂಪಿನಲ್ಲಿ ಒಬ್ಬ ಚಿಕ್ಕ ಹುಡುಗನಿದ್ದಾನೆ. ಅವನು ಇಟ್ಟಿಗೆಯ ರಾಶಿಯ ಮೇಲೆ ಕೂತು, ಬಾಯಿಯಲ್ಲಿಯೇ ವಿಮಾನ ಎರಗುವ ಸದ್ದು, ಬಾಂಬು ಸಿಡಿಯುವ ಸದ್ದು, ಮಷೀನ್‌ಗನ್ನಿನ ಸದ್ದು ತನ್ನಷ್ಟಕ್ಕೆ ತಾನು ಮಾಡುತ್ತಿರುತ್ತಾನೆ. ಯಾರೂ ಅವನ ಕಡೆ ತಿರುಗಿಯೂ ನೋಡುವುದಿಲ್ಲ.

ಈ ದೃಶ್ಯ ಬಂದಾಗ ಅಜ್ಜ ಚಿತ್ರ ನಿಲ್ಲಿಸಿ ಒಳಗೆ ಹೋಗಿ ತಂಬಾಕಿನ ಹಳೆಯ ಡಬ್ಬಿಯೊಂದನ್ನು ತಂದರು. ಅದರಲ್ಲಿ ಹೆಬ್ಬೆರಳಿನ ಗಾತ್ರದ, ಅಂಚು ಹರಿದ, ಕಪ್ಪುಗಟ್ಟಿದ ಕಬ್ಬಿಣದ ಚೂರುಗಳಿದ್ದವು. ಬಾಂಬಿನ ಚೂರು, ಮದ್ದುಗುಂಡಿನ ಚೂರು. ರಾತ್ರಿ ದಾಳಿ ನಡೆದ ಮರುದಿನ ಬೆಳಿಗ್ಗೆ ಹುಡುಗರು ಇವುಗಳನ್ನು ಆಯ್ದು, ಗೋಲಿಯಂತೆ ಅದಲು ಬದಲು ಮಾಡಿಕೊಳ್ಳುತ್ತಿದ್ದರಂತೆ. ಅಣ್ಣ ಆಯ್ದು ತಂದದ್ದನ್ನು ಇವರು ಕದ್ದು ಇಟ್ಟುಕೊಂಡದ್ದಂತೆ. ನನ್ನ ಅಂಗೈಯಲ್ಲಿ ಒಂದನ್ನು ಇಟ್ಟರು. ಆ ಗಾತ್ರಕ್ಕೆ ಆ ಭಾರ ನಾನು ಎಣಿಸಿರಲಿಲ್ಲ.

ಆಮೇಲೆ ಒಂದು ಶನಿವಾರ ನಾನೊಬ್ಬನೇ ರೈಲು ಹತ್ತಿ ವಾಪಿಂಗ್‌ಗೆ ಹೋದೆ. ಕೊನೆಯ ಹೊಡೆದಾಟ ನಡೆಯುವುದು ಅಲ್ಲಿನ ನದಿದಂಡೆಯ ಪಾಳುಬಯಲಿನಲ್ಲಿ. ಈಗ ಅಲ್ಲಿ ಗಾಜಿನ ಬಾಲ್ಕನಿಗಳ ಮನೆಗಳು, ಅಪಾರ್ಟ್‌ಮೆಂಟುಗಳಾದ ಹಳೆಯ ಉಗ್ರಾಣಗಳು. ಜೋ ಮೂಟೆ ಹೊತ್ತ ಕಾವೆಂಟ್ ಗಾರ್ಡನ್ ಮಾರುಕಟ್ಟೆಯೂ 1974ರಲ್ಲಿಯೇ ನೈನ್ ಎಲ್ಮ್ಸ್‌ಗೆ ಎದ್ದುಹೋಯಿತು. ಈಗ ಅಲ್ಲಿ ಕೋಸುಗಡ್ಡೆ ಸಿಗುವುದಿಲ್ಲ, ದುಬಾರಿ ಕಾಫಿ ಸಿಗುತ್ತದೆ. ಆದರೂ ಹಿಂತಿರುಗುವ ದಾರಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಹಳೆಯ ಇಟ್ಟಿಗೆ ಮನೆಗಳ ಸಾಲು ಇದ್ದಕ್ಕಿದ್ದಂತೆ ತುಂಡಾಗಿ, ನಡುವೆ ಐವತ್ತರ ದಶಕದ ಚಪ್ಪಟೆ ಮುಖದ ಕಟ್ಟಡವೊಂದು ನಿಂತಿರುತ್ತದೆ. ಅದರಾಚೆ ಹಳೆಯ ಸಾಲು ಮತ್ತೆ ಮುಂದುವರಿಯುತ್ತದೆ. ಇಂಥವನ್ನು ಹನ್ನೊಂದು ವರ್ಷ ನೋಡಿ, ನಗರಪಾಲಿಕೆಯವರ ಅಭಿರುಚಿ ಸರಿಯಿಲ್ಲ ಎಂದುಕೊಂಡಿದ್ದೆ. ಹಲ್ಲು ಉದುರಿದ ಜಾಗಕ್ಕೆ ಕಟ್ಟಿಸಿದ ಹಲ್ಲುಗಳು ಅವು ಎಂದು ಹೊಳೆದಿರಲಿಲ್ಲ.

ಚಿತ್ರದ ಕೊನೆಯಲ್ಲಿ ಸುದ್ದಿ ಊರೆಲ್ಲ ಹರಡಿ, ಮೂಲೆಮೂಲೆಯಿಂದ ನೂರಾರು ಹುಡುಗರು ಓಡಿಬರುತ್ತಾರೆ. ಮುರಿದ ಗೋಡೆಗಳನ್ನು ಹಾರಿ, ಕಲ್ಲುರಾಶಿಗಳ ಮೇಲಿಂದ ಇರುವೆ ಸಾಲಿನಂತೆ ಇಳಿದು ಕಳ್ಳರ ಮೇಲೆ ಮುಗಿಬೀಳುತ್ತಾರೆ. ಹೆಸರಿನಲ್ಲಿರುವ ಆ ಹಳೆಯ ಕಟ್ಟಳೆಯನ್ನು ಪಾಲಿಸುವವರು ಇವರೇ. ಅಜ್ಜ ಈ ದೃಶ್ಯವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ಹಾಕಿದರು. ಆ ಗುಂಪಿನಲ್ಲಿ ತಮ್ಮನ್ನು ಹುಡುಕುತ್ತಿದ್ದಾರೆಂದು ಭಾವಿಸಿ, ನೀವು ಎಲ್ಲಿದ್ದೀರಿ ಎಂದು ಕೇಳಿದೆ.

“ನಾನಿಲ್ಲ,” ಎಂದರು. ಅವರ ಬೀದಿಯ ಹುಡುಗರಲ್ಲಿ ಹಲವರು ಹೋಗಿದ್ದರಂತೆ, ಅಣ್ಣನೂ ಹೋಗಿದ್ದನಂತೆ. ಇವರಿಗೆ ಮಾತ್ರ ಆ ವಾರವೇ ಮಂಗನಬಾವು ಬಂದು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಕಿಟಕಿಯಲ್ಲಿ ಕೂತಿದ್ದರಂತೆ. ತೆರೆಯ ಎಡಮೂಲೆಯಲ್ಲಿ ಗೋಡೆ ಹಾರುತ್ತಿದ್ದ ಒಂದು ಮಸುಕಾದ ಆಕೃತಿಯನ್ನು ತೋರಿಸಿ, “ಅವನೇ ನಮ್ಮಣ್ಣ. ನನ್ನ ಬೂಟು ಹಾಕಿಕೊಂಡು ಹೋಗಿದ್ದ,” ಎಂದು ಹೇಳಿ, ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು.